ಮೇಜುಬಟ್ಟೆಯ ಕೆಳಗಿನ ಹುಲ್ಲು

ಕ್ರಿಸ್ಮಸ್ಸಿನ ಹಿಂದಿನ ಸಂಜೆ ಅಜ್ಜಿಯ ಮನೆಯಲ್ಲಿ
ಮೊದಲ ನಕ್ಷತ್ರ ಕಾಣುವತನಕ ಯಾರೂ ತುತ್ತು ಮುಟ್ಟುವಂತಿಲ್ಲ.
ಹನ್ನೊಂದು ಮೊಮ್ಮಕ್ಕಳು ಕೊಟ್ಟಿಗೆಯ ಮಗ್ಗುಲಲ್ಲಿ
ಮೂಗು ಕೆಂಪಗೆ ಮಾಡಿಕೊಂಡು ಕತ್ತೆತ್ತಿ ನಿಲ್ಲುತ್ತಿದ್ದೆವು.
ಲಿಥುವೇನಿಯಾದ ಡಿಸೆಂಬರು ಮೋಡ ಬಿಚ್ಚುವುದೇ ಅಪರೂಪ.
ಹಸಿವು ತಾಳದ ರೋಕಸ್ ಒಂದು ವರ್ಷ
ಶೆಶುಪೆ ಹೊಳೆಯಾಚೆಯ ಟ್ರ್ಯಾಕ್ಟರಿನ ದೀಪ ತೋರಿಸಿ
‘ಅಗೋ!’ ಅಂದ.
ಅಜ್ಜಿ ಕಿಟಕಿಯಿಂದ ಇಣುಕಿ, ‘ಹೌದು, ಅದೇ’ ಅಂದಳು.
ಹಸಿದವರ ಸುಳ್ಳನ್ನು
ಅವಳು ಎಂದೂ ಒರೆಗೆ ಹಚ್ಚಿದವಳಲ್ಲ.

ಒಳಗೆ ಹನ್ನೆರಡು ಬಗೆ.
ಉಪ್ಪಿನ ಹೆರಿಂಗ್ ಮೀನು, ಬೀಟ್‌ರೂಟು, ದಾರಕ್ಕೆ ಪೋಣಿಸಿ ಒಣಗಿಸಿದ ಅಣಬೆ,
ಗಸಗಸೆ ಅರೆದ ಹಾಲಿನಲ್ಲಿ ತೇಲುವ ಗೋಲಿಯಷ್ಟು ಬಿಸ್ಕತ್ತು.
ಹಸುವಿನ ಹಾಲು ಆ ರಾತ್ರಿ ವರ್ಜ್ಯ;
ನಡುರಾತ್ರಿ ಹಸುಗಳು ಮಾತಾಡುತ್ತವಂತೆ,
ಅವುಗಳೆದುರು ನಾಚಿಕೆಯಾಗಬಾರದು.
ಬಿಳಿ ಬಟ್ಟೆಯ ಕೆಳಗೆ ಒಣಹುಲ್ಲು:
ಊಟವಾದ ಮೇಲೆ ಕಣ್ಣು ಮುಚ್ಚಿ ಒಂದೊಂದು ಕಡ್ಡಿ ಎಳೆಯಬೇಕು,
ಉದ್ದ ಬಂದವರಿಗೆ ಉದ್ದ ಆಯಸ್ಸು.
ಮೇಜಿನ ತುದಿಯಲ್ಲಿ ಯಾರೂ ಕೂರದ ಜಾಗಕ್ಕೊಂದು ಎಡೆ.
ಆ ವರ್ಷ ಸತ್ತವರಿಗೆ.
ಯಾರೂ ಸಾಯದ ವರ್ಷಗಳಲ್ಲೂ ಇಡುತ್ತಿದ್ದಳು.
ಮೀನು ಮಾತ್ರ ಬಡಿಸುತ್ತಿರಲಿಲ್ಲ, ‘ಸತ್ತವರಿಗೆ ಮುಳ್ಳು ಯಾಕೆ’.
ಅಲ್ಲಿ ರಾಶಿ ಬಿದ್ದ ಬಿಸ್ಕತ್ತು ಕಂಡು
ನಮಗೆ ಸತ್ತವರ ಮೇಲೆ ಹೊಟ್ಟೆಕಿಚ್ಚು.

ಏಳನೇ ತರಗತಿಯಲ್ಲಿ ಟೀಚರು
ನಿಮ್ಮ ಮನೆತನದ ಮರ ಬರೆದು ತನ್ನಿ ಅಂದಾಗ
ಅಜ್ಜಿ ಆಲೂಗಡ್ಡೆ ಸುಲಿಯುತ್ತಲೇ ಒಪ್ಪಿಸಿದಳು:
ಅಮ್ಮ ಪೆಟ್ರೋನೆಲೆ, ಅಪ್ಪ ಜೇನುಗೂಡಿನ ಕಜಿಮೇರಸ್,
ಅವನಪ್ಪ ಕುಂಟ ಮಾತಾವುಶಸ್, ಅವನಮ್ಮ ಹೊಳೆಯಾಚೆಯ ಉರ್ಶುಲೆ…
ಎಲ್ಲೂ ತಡವರಿಸದೆ, ಮಗ್ಗಿ ಹೇಳಿದ ಹಾಗೆ.
ಹೆತ್ತವ್ವನ ಹೆಸರನ್ನು ಯಾರೂ ಮಗ್ಗಿಯ ಹಾಗೆ ಉರುಹೊಡೆಯುವುದಿಲ್ಲ
ಅನ್ನುವುದು ನನಗಾಗ ಹೊಳೆಯಲಿಲ್ಲ.
ಹತ್ತಕ್ಕೆ ಹತ್ತು ಬಂತು.

ಅವಳ ಎಂಬತ್ತಮೂರರ ಚಳಿಗಾಲ
ಎಳೆದ ಕಡ್ಡಿ ಮೊಳದಷ್ಟಿತ್ತು.
ಬೆರಳಿಂದ ಅಳೆಯುತ್ತ ಎಣಿಸತೊಡಗಿದಳು,
ನಮ್ಮದಲ್ಲದ ನುಡಿಯಲ್ಲಿ: ಐನ್ಸ್, ತ್ಸ್ವಾಯ್, ದ್ರಾಯ್.
ಲಕ್ವ ಹೊಡೆಯಿತೆಂದು ಗೆನೊವೈತೆ ದೊಡ್ಡಮ್ಮ ಫೋನು ಹುಡುಕಿದಳು.

ಲಕ್ವ ಅಲ್ಲ, ಜರ್ಮನ್.
ನಲವತ್ತೇಳರ ವಸಂತ, ಸರಕು ರೈಲು, ಆರು ವರ್ಷದ ವಾಲ್ಟ್ರೌಡ್.
ತೋಳದ ಮಕ್ಕಳು ಅನ್ನುತ್ತಿದ್ದರಂತೆ ಅಂಥವರನ್ನು,
ಯುದ್ಧ ಉಂಡು ಬಿಟ್ಟ ಪ್ರಶ್ಯದಿಂದ
ರೊಟ್ಟಿ ಬೇಡುತ್ತ ಗಡಿ ದಾಟಿದವರನ್ನು.
ಪೆಟ್ರೋನೆಲೆ ಬಾಗಿಲು ತೆರೆದು
ಮೊದಲು ಬೆಂದ ಆಲೂಗಡ್ಡೆ ಕೊಟ್ಟಳು, ಸಿಪ್ಪೆ ಸಮೇತ.
ಆಮೇಲೆ ಬಿರುತೆ ಎಂಬ ಹೆಸರು.
ಬೂಟಿನವರು ಬಂದು ಕೇಳಿದರೆ ಬೇಕಲ್ಲ ಎಂದು
ನೆಲಮಾಳಿಗೆಯ ಕತ್ತಲಲ್ಲಿ ಕೂರಿಸಿ
ಒಂದಿಡೀ ವಂಶವನ್ನು ಬಾಯಿಪಾಠ ಮಾಡಿಸಿದಳು.

ವೀತೆನಿಸ್ ಮಾವ ಗೋಡೆ ನೋಡಿದ.
ಚರ್ಚಿನ ದಫ್ತರ ತಡಕಿ ಏಳು ತಲೆಮಾರು ಹೆಕ್ಕಿ
ಚಿನ್ನದ ಕಟ್ಟು ಹಾಕಿಸಿ ಅಲ್ಲಿ ತೂಗುಹಾಕಿದವನು ಅವನೇ.
‘ಹಾಗಾದರೆ ಇವರೆಲ್ಲ ನಮಗೆ ಏನಾಗಬೇಕು?’
ಅಜ್ಜಿ: ‘ನನಗೆ ಅನ್ನ ಹಾಕಿದವರು.
ನಿನಗೆ ಏನೆಂದು ನೀನೇ ನೋಡಿಕೋ.’
ಅವನು ಸಿಗರೇಟು ಹಿಡಿದು ಹಿಮಕ್ಕೆ ಹೋದ.
ಬಹಳ ಹೊತ್ತು ಬರಲಿಲ್ಲ.
ಬಂದಾಗ ಕಣ್ಣು ಯಾಕೆ ಕೆಂಪೆಂದು ಯಾರೂ ಕೇಳಲಿಲ್ಲ;
ಕಟ್ಟು ಕೊಂಚ ವಾಲಿತ್ತು, ಸರಿಮಾಡಿದ.

ತಟ್ಟೆ ಎತ್ತುವಾಗ ನಾನು ಮೆಲ್ಲಗೆ ಕೇಳಿದೆ,
‘ಆ ತುದಿಯದು ಯಾರಿಗೆ?’
‘ಗೆರ್ಹಾರ್ಟ್‌ಗೆ. ನನ್ನಣ್ಣ.
ಯಾವುದೋ ನಿಲ್ದಾಣದಲ್ಲಿ ರೊಟ್ಟಿ ತರುತ್ತೇನೆಂದು ಇಳಿದ,
ರೈಲು ಬಿಟ್ಟಿತು.
ಆಗ ಒಂಬತ್ತು.’
ಒಂದು ಬಿಸ್ಕತ್ತು ನನ್ನ ಬಾಯಿಗಿಟ್ಟಳು.
‘ಹೆರಿಂಗ್ ಕಂಡರೆ ಅವನಿಗಾಗುತ್ತಿರಲಿಲ್ಲ.’